ಉಪ್ಪು ಸಾಲದು

ಕೊನೆಯ ಟ್ರಿಪ್ಪು ಮುಗಿಸಿ ಡಿಪೋದಲ್ಲಿ ಬಸ್ಸು ಬಿಟ್ಟು
ಡಂಡೀ ಊರಿನ ಏರು ಹತ್ತಿ ಬರುವಾಗ ಒಂಬತ್ತೂವರೆ.
ಟೇ ನದಿಯ ಮೇಲಿಂದ ಬಂದ ಗಾಳಿ
ಕೋಟಿನ ಗುಂಡಿ ಒಂದೊಂದನ್ನೂ ತಡವಿ ನೋಡುತ್ತದೆ,
ಜೇಬುಗಳ್ಳನ ಹಾಗೆ.
ಬಾಗಿಲ ಹಿಡಿಗೆ ಪೆಟ್ರಿ ಮುದುಕ ನೇತುಹಾಕಿದ ಚೀಲ:
ಕೇಲ್ ಸೊಪ್ಪು, ಬುಡದಲ್ಲಿ ಇನ್ನೂ ಮಣ್ಣು.
"ಮೊನ್ನೆ ಹಿಮ ಕಚ್ಚಿದೆ, ಈಗ ಸಿಹಿ" ಅಂತ ಚೀಟಿ.
ಮುದುಕನ ಅಕ್ಷರವೂ ಸೊಪ್ಪಿನ ಹಾಗೇ ಸುರುಳಿ ಸುರುಳಿ.

ಬಾಗಿಲು ಮುಚ್ಚಿದ ಕೋಣೆಯೊಳಗೆ ಲಾಕ್ಲನ್.
ಹದಿನಾಲ್ಕು ವರ್ಷ, ಹನ್ನೊಂದು ದಿನದ ಮೌನ.
ಅವನಪ್ಪ ಕ್ಯಾಲಮ್ ನಡುಸಮುದ್ರದಲ್ಲಿ,
ಎಣ್ಣೆಬಾವಿಯ ಕಬ್ಬಿಣದ ಅಟ್ಟದ ಮೇಲೆ,
ಇನ್ನೂ ಆರು ದಿನ.
ನಾನು ಅವನಿಗೆ ಏನಾಗಬೇಕು ಅಂತ ಕೇಳುವುದಕ್ಕೆ
ಶಾಲೆಯ ಅರ್ಜಿಯಲ್ಲೊಂದು ಖಾನೆ ಇದೆ.
ಅವನು ಅದನ್ನು ಖಾಲಿ ಬಿಟ್ಟಿದ್ದಾನೆ.
ತಪ್ಪೇನಿಲ್ಲ. ಏನು ತುಂಬಬೇಕೋ ನನಗೂ ಗೊತ್ತಿರಲಿಲ್ಲ.

ಇರಲಿ. ಹಸಿವಿಗೆ ಖಾನೆ ಬೇಡ.

ಬಾಣಲೆ ಒಂದೇ. ತೊಳೆಯುವವಳು ನಾನೊಬ್ಬಳೇ, ಅದಕ್ಕೆ.
ಅವನ ತಾಯಿ ಬಿಟ್ಟುಹೋದ ಬೀಡಿನ ಬಾಣಲೆ,
ಸುರಿಯುವ ಮೂತಿ ಎಡಚರಿಗೆ ಮಾತ್ರ ಒಗ್ಗುವ ಕಡೆ.
ಎರಡು ವರ್ಷವಾಯಿತು, ನನ್ನ ಬಲಗೈ ಇನ್ನೂ ಚೆಲ್ಲುತ್ತದೆ.

ಬೆಣ್ಣೆ. ಅದು ನೊರೆಯೆದ್ದು ಸುಮ್ಮನಾಗುವ ತನಕ ಕಾಯಬೇಕು.
ಬೆಳ್ಳುಳ್ಳಿ ನಾಲ್ಕು ಎಸಳು, ಜಜ್ಜಿದ್ದು.
ಕೆಂಪಾಗಬಾರದು, ಮನೆ ತುಂಬ ಹೆಸರು ಹೇಳಿಕೊಂಡರೆ ಸಾಕು.
ಪಾಸ್ತಾ ಹಸಿಯಾಗಿಯೇ ಬಿತ್ತು, ಟಣಟಣ,
ಟಿಕೆಟ್ಟಿನ ಡಬ್ಬಿಗೆ ಬಿದ್ದ ಚಿಲ್ಲರೆ.
ಮೇಲೆ ಹಾಲು, ಅದರ ಮೇಲೆ ನೀರು,
ಮುಳುಗಿಯೂ ಮುಳುಗದಷ್ಟು.
ಬೇರೆ ಪಾತ್ರೆಯಲ್ಲಿ ಬೇಯಿಸಿ ಬಸಿಯಬೇಕು, ಅನ್ನುತ್ತಾರೆ ತಿಳಿದವರು.
ಬಸಿದರೆ ಗಂಜಿ ಹೋಗುತ್ತದೆ. ಗಂಜಿ ಹೋದ ಮೇಲೆ
ಒಂದಕ್ಕೊಂದು ಅಂಟಿಕೊಳ್ಳಲು ಉಳಿಯುವುದೇನು?

ಕೇಲಿನ ದಂಟು ಕಿತ್ತೆ. ಎಲೆಯನ್ನು ಮುಷ್ಟಿಯಲ್ಲಿ ಹಿಸುಕಿದೆ.
ಮೊದಲು ಸೆಟೆಯುತ್ತದೆ, ಕಿರ್ರೆನ್ನುತ್ತದೆ;
ಅದರ ತಪ್ಪಲ್ಲ, ಚಳಿಯಲ್ಲಿ ಬೆಳೆದದ್ದು.
ಬಾಣಲೆಗೆ ಹಾಕಿದಾಗ ಬೆಟ್ಟ. ಮುಚ್ಚಳ ಕೂರಲೊಲ್ಲದು.
ಮುಚ್ಚಳದ ಮೇಲೆ ಬಟ್ಟೆ ಮಡಿಸಿಟ್ಟು, ಅದರ ಮೇಲೆ ಅಂಗೈ ಇಟ್ಟು ನಿಂತೆ,
ಬ್ರೇಕಿನ ಮೇಲೆ ಕಾಲಿಟ್ಟು
ಯಾರೋ ಅಜ್ಜಿ ನಿಧಾನಕ್ಕೆ ಇಳಿಯಲಿ ಎಂದು ಕಾಯುವ ಹಾಗೆ.
ಎರಡು ನಿಮಿಷಕ್ಕೆ ಬೆಟ್ಟ ಒಂದು ಹಿಡಿ.

ಕೆನೆ. ತುರಿದ ಚೀಸು, ಮೂಲೆಯ ಒಣತುಂಡು ಸಮೇತ.
ಜಾಯಿಕಾಯಿ ಎರಡೇ ಉಜ್ಜು.
ಕೊತಕೊತ ಅನ್ನುತ್ತಿದ್ದುದು ಲೊಚಲೊಚ ಎಂದಿತು.
ಹದ ಬಂದದ್ದು ಸದ್ದಿನಲ್ಲೇ ತಿಳಿಯುತ್ತದೆ, ಗೇರು ಬಿದ್ದ ಹಾಗೆ.
ಅಷ್ಟರಲ್ಲಿ ಬೆನ್ನ ಹಿಂದೆ ನೆಲದ ಹಲಗೆ ಕಿರುಗುಟ್ಟಿತು.
ತಿರುಗಿ ನೋಡಲಿಲ್ಲ.
ಕಿಟಕಿಗೆ ಹಕ್ಕಿ ಬಂದು ಕೂತರೆ ತಿರುಗುತ್ತಾರೆಯೇ?

ತಟ್ಟೆ ತೆಗೆಯುವ ಮೊದಲೇ ಫೋರ್ಕು ಬಾಣಲೆಗೆ ಇಳಿದಿತ್ತು.
ಎಡಗೈ.
ನಿಂತೇ ತಿಂದ. ನಾನೂ ನಿಂತೇ ತಿಂದೆ,
ಆ ಕಡೆ ಅವನು, ಈ ಕಡೆ ನಾನು,
ನಡುವೆ ಹಸಿರು ಬೆರೆತ ಬಿಳುಪು,
ಆವಿಗೆ ಮಂಜಾದ ಅವನ ಕನ್ನಡಕ.
ತಳ ಹಿಡಿದದ್ದನ್ನು ಕೆರೆಯುತ್ತ, ಕನ್ನಡಕ ಒರೆಸದೆ, ಅಂದ:

"ಉಪ್ಪು ಸಾಲದು, ಶೋನಾ."

ಹೌದು. ಹಾಕುವುದೇ ಮರೆತಿದ್ದೆ.
ಡಬ್ಬಿ ಅವನ ಮಗ್ಗುಲಲ್ಲೇ ಇತ್ತು.
ಚಿಟಿಕೆ ತೆಗೆದು ಉದುರಿಸಿದ ತನ್ನ ಕಡೆಗೆ,
ಸ್ವಲ್ಪ ತಡೆದು, ನನ್ನ ಕಡೆಗೂ.

ತೊಳೆದ ಅಂತ ಹೇಳಲಾರೆ.
ನಲ್ಲಿ ಬಿಟ್ಟು ಬಾಣಲೆ ತುಂಬ ನೀರು ಹಿಡಿದಿಟ್ಟು
ಕೋಣೆಗೆ ಹೋದ, ಬಾಗಿಲು ಅರ್ಧ ತೆರೆದೇ ಇತ್ತು.
ಬೀಡಿನ ಬಾಣಲೆಯಲ್ಲಿ ನೀರು ನಿಲ್ಲಿಸಬಾರದು, ತುಕ್ಕು ಹಿಡಿಯುತ್ತದೆ.
ಇವತ್ತು ಅದನ್ನು ಹೇಳಲಿಲ್ಲ.