ಬೈಯಲು ಒಂದು ನಂಬರು

ರೂವಿಯ ಈ ಕಟ್ಟಡದಲ್ಲಿ ನನಗೆ ಎರಡು ಸಂಬಳ.
ಮೂರನೇ ಮಹಡಿಯಲ್ಲಿ ಟೈಲ್ಸು ಸಿಮೆಂಟಿನ ಕಂಪನಿ,
ಇಪ್ಪತ್ತೆರಡು ಕಂಪ್ಯೂಟರು, ಅಲ್ಲಿ ರಿಯಾಲು.
ನೆಲಮಹಡಿಯಲ್ಲಿ ಅಲೋಶಿಯಸನ ಟೈಪಿಂಗ್ ಅಂಗಡಿ,
ಇರುವುದೊಂದೇ ಕಂಪ್ಯೂಟರು, ಅದರ ಫ್ಯಾನಿಗೆ ದಮ್ಮು;
ಅಲ್ಲಿ ಸಂಬಳವೆಂದರೆ ಸುಲೈಮಾನಿ, ಒಂದು ಪರೋಟ.

ಎರಡೂ ಕಡೆ ಕಾಗದ ಬರೆಯುವ ತಂತ್ರಾಂಶ ಒಂದೇ.
ಹೊಟ್ಟೆ ಬಗೆದು ನೋಡಿದರೆ ಅದೇ ಕರುಳು.
ತೆರೆದಾಗ ಹೆಸರಿನಡಿ ಸಣ್ಣಕ್ಷರ ಮಾತ್ರ ಬೇರೆ:
ಮೇಲೆ ಎಂಟರ್‌ಪ್ರೈಸ್,
ಕೆಳಗೆ ಕಮ್ಯುನಿಟಿ.

ಮೊದಲು ಮೇಲೆಯೂ ಕಮ್ಯುನಿಟಿಯೇ. ನಾನೇ ಹಾಕಿದ್ದು.
ಒಂದು ಭಾನುವಾರ ಮ್ಯಾನೇಜರ್ ನಬ್‌ಹಾನ್ ಸಾಹೇಬರು
ಕನ್ನಡಕ ಹಣೆಗೇರಿಸಿ ಬಗ್ಗಿ ಓದಿದರು.
"ಇದು ಯಾವ ಕಮ್ಯುನಿಟಿ?"
ನಾಲಿಗೆ ತಡವರಿಸಿತು. ನಮ್ಮ ಕಡೆ ಹಾಗೆ ಕೇಳುವುದು
ಜಾತಿ ತಿಳಿಯಲು,
ಬಾಡಿಗೆಗೆ ಮನೆ ಕೊಡುವ ಮುಂಚೆ.
"ಗುರುತಿಲ್ಲದವರದ್ದು ಸಾರ್. ಬರೆಯುತ್ತಾರೆ, ತಿದ್ದುತ್ತಾರೆ, ಹಂಚುತ್ತಾರೆ."
"ಫ್ರೀ?"
"ಫ್ರೀ."
ಸಾಹೇಬರು ನಕ್ಕರು. ನಾನೂ ನಕ್ಕೆ.
ನಾನು ಬಂದದ್ದೂ ಫ್ರೀ ವೀಸಾದಲ್ಲೇ;
ಅದಕ್ಕೆ ಅಣ್ಣನ ಆಟೋರಿಕ್ಷಾ ಹೋಯಿತು,
ಕಾರ್ಡಿನಲ್ಲಿ ನನ್ನ ಕಸುಬು ಬಡಗಿ ಎಂದಿದೆ,
ಮುಖ ನೋಡಿರದ ಕಫೀಲನಿಗೆ
ಎರಡು ವರ್ಷಕ್ಕೊಮ್ಮೆ ಕಪ್ಪ.

"ತಪ್ಪಾದರೆ ಯಾರನ್ನು ಬೈಯುವುದು?"
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ಟೆಂಡರಿನ ಹಿಂದಿನ ರಾತ್ರಿ ಹಾಳೆ ತೆರೆಯದಿದ್ದರೆ
ಕಮ್ಯುನಿಟಿಯ ಕೊರಳಪಟ್ಟಿ ಹಿಡಿಯುವುದು ಎಲ್ಲಿ?
ಹೀಗೆ ಬಂತು ಎಂಟರ್‌ಪ್ರೈಸು,
ತಲೆಗಿಷ್ಟು, ವರ್ಷಕ್ಕಿಷ್ಟು.
ಬಹುಕಾಲ ಅದೇ ಮುಖ, ತುಳಿದ ಹಾದಿಯಲ್ಲೇ ನಡಿಗೆ,
ಮತ್ತು ಬೈಯಲು ಒಂದು ನಂಬರು.

ಕೆಳಗಿನದಕ್ಕೆ ಆರಾರು ತಿಂಗಳಿಗೆ ಹೊಸ ಅಂಗಿ.
ಅಂಥ ಒಂದು ಅಂಗಿ ತೊಟ್ಟ ದಿನ
ಕನ್ನಡದ ಒತ್ತಕ್ಷರಗಳು ಗುಂಡಿಗಳಂತೆ ಉದುರಿದವು.
ಘಾಲಾದಲ್ಲಿ ಶಟರಿಂಗ್ ಮಾಡುವ ಮೋನಪ್ಪಣ್ಣ
ಪಂಚಾಯತಿಗೆ ಅರ್ಜಿ ಬರೆಸುತ್ತಿದ್ದ.
ತೆರೆಯ ಮೇಲೆ ಅವನು
ಮೋನಪ್‌ಪ.
"ನನ್ನ ಪ ಯಾಕೆ ಕೆಳಗಿಳಿಯಲಿಲ್ಲ ಮಾರಾಯ?
ಲಿಫ್ಟು ಕೆಟ್ಟಿದೆಯಾ?"

ಚಿತ್ರ ಸಮೇತ ದೂರು ಬರೆದು ಕಳಿಸಿದೆ:
ಹೀಗೆ ಬರುತ್ತಿದೆ, ಹೀಗೆ ಬರಬೇಕು.
ನಲವತ್ತೊಂದು ದಿನ ಸದ್ದಿಲ್ಲ.
ಅಷ್ಟೂ ದಿನ ಅಲೋಶಿಯಸ್ ಅರ್ಜಿಗಳನ್ನು ಕೈಯಲ್ಲೇ ಬರೆದ,
ಬರೆಯುತ್ತ ನನ್ನ ಕಮ್ಯುನಿಟಿಯನ್ನು ಕೊಂಕಣಿಯಲ್ಲಿ ಹರಸಿದ.
ಆಮೇಲೆ ಯಾರೋ, ಹೆಸರು ಉಚ್ಚರಿಸಲು ನನಗೆ ಬಾರದವರು,
ಅ ಆ ಇ ಈ ತಿಳಿಯದವರು,
ಪಕಾರದ ಸೊಂಟ ಹಿಡಿದು ಮೆಲ್ಲಗೆ ಕೆಳಗಿಳಿಸಿ
ಕೇಳಿದರು: ಈಗ ಸರಿಯೇ?

ಆ ಪುಣ್ಯಾತ್ಮರಿಗೆ ಸಂಬಳ ಎಲ್ಲಿಂದ ಎಂದು ಹುಡುಕಿದೆ.
ನಮ್ಮ ಮೇಲ್ಮಹಡಿಯ ದುಡ್ಡು ಹೋಗುವಲ್ಲಿಂದಲೇ.
ಬೈಯಲೆಂದು ಸಾಹೇಬರು ಕಟ್ಟಿದ ರಿಯಾಲು
ಸಮುದ್ರ ದಾಟಿ, ಸುತ್ತಿ, ಬಳಸಿ,
ಅದೇ ಕಟ್ಟಡದ ನೆಲಮಹಡಿಗೆ ಬಂದು
ಒಬ್ಬ ಬಡಗಿಯ ಹೆಸರಿಗೆ ಒತ್ತು ಕೊಟ್ಟಿತ್ತು.
(ಅವನು ನಿಜವಾದ ಬಡಗಿ. ಕಾರ್ಡಿನಲ್ಲಿ ತೋಟದ ಮಾಲಿ.)

ಸಾಹೇಬರಿಗೆ ಇದನ್ನು ಹೇಳಿಲ್ಲ.
ಮೇಲಿನ ಆವೃತ್ತಿಗೆ ಆ ತಿದ್ದುಪಡಿ ಇನ್ನೂ ಬಂದೂ ಇಲ್ಲ;
ಪರೀಕ್ಷೆ ಮುಗಿಯಬೇಕಂತೆ, ಸಾವಕಾಶ.
ಅಲ್ಲಿ ಕನ್ನಡ ಬೇಕಾದವನು ನಾನೊಬ್ಬ,
ನನ್ನ ಹೆಸರಿನಲ್ಲಿ ಒತ್ತಿಲ್ಲ.

ಮೋನಪ್ಪಣ್ಣ ಅರ್ಜಿ ಮಡಚಿ ಕಿಸೆಗಿಟ್ಟು
ಐನೂರು ಬೈಸೆ ತೆಗೆದ.
ಅಲೋಶಿಯಸ್ ಇನ್ನೂರು ಹಿಂದಕ್ಕೆ ತಳ್ಳಿದ.
"ಆ ತಿದ್ದಿದವನಿಗೆ ಎಷ್ಟು ಕೊಟ್ಟೆ?"
"ಏನೂ ಇಲ್ಲ."
"ಏನೂ ಇಲ್ಲವಾ!" ನನ್ನನ್ನು ದಿಟ್ಟಿಸಿದ,
ಹೋಟೆಲಲ್ಲಿ ಉಂಡು ಬಿಲ್ಲು ಕೊಡದೆ ಎದ್ದವನನ್ನು ನೋಡುವಂತೆ.
"ಒಂದು ಗೆರೆಯಾದರೂ ಬರಿ. ಕನ್ನಡದಲ್ಲೇ ಬರಿ.
ಸರಿ ಮಾಡಿದವನಿಗೆ ಕಾಣಲಿ."

ಹೊರಗೆ ಮಗ್ರಿಬಿನ ಬಾಂಗು, ಬಸ್ಸಿನ ಹಾರ್ನು.
ಫ್ಯಾನು ಏದುಸಿರು ಬಿಡುತ್ತಿತ್ತು.
ನಾನು ಟೈಪು ಮಾಡಿದೆ:
ಮೋನಪ್ಪ ಈಗ ಸರಿಯಾಗಿದ್ದಾನೆ.