ನಡುವೆ ಒಂದು ದಾರ

ಹನ್ನೆರಡು ಫೂಟು ಅಗಲ, ಹದಿನೆಂಟು ಉದ್ದ.
ನಾರಾಯಣಪುರದ ಕೆಮ್ಮಣ್ಣಿಗೆ ಲಾನ್ ಹಾಸಿ
ಎರಡು ಮಳೆಗಾಲ ಆದವು.
ಮೊದಲ ವರ್ಷ ಜಮಖಾನೆ. ಎರಡನೇ ವರ್ಷ
ಜೇಕು ಬಂತು, ಕರಕಿ ಬಂತು, ಮೂರೆಲೆಯ ಹುಳಿಸೊಪ್ಪು ಬಂತು,
ಕರೆಯದೆ ಬಂದ ಬೀಗರ ಹಾಗೆ ನಡುಮಧ್ಯೆ ಕೂತವು.

ನನ್ನ ಗಂಡನಿಗೆ ನಿದ್ದೆ ಇಲ್ಲ.
ಬೈಪಾಸಿನ ಹೋಟೆಲ್ಲಿಗೆ ಯಾರದೋ ಆರತಕ್ಷತೆಗೆ ಹೋಗಿ
ಊಟ ಬಿಟ್ಟು ಅವರ ಹುಲ್ಲನ್ನು ಬಗ್ಗಿ ಮುಟ್ಟಿ ಬಂದ ಮನುಷ್ಯ.
"ಒಂದು ಕಸ ಇಲ್ಲ ನೋಡು ಅದರಾಗ."
ಮರುದಿನ ಒಂದು ಚೀಲ ಯೂರಿಯಾ, ಒಂದು ಬಾಟಲಿ ಕಳೆನಾಶಕ,
ಲೇಬಲ್ಲಿನ ಮೇಲೆ ಹಳದಿ ತ್ರಿಕೋನ.

ನೆಗೆಣ್ಣಿ ಸರೋಜಾ ಅದನ್ನು ನೋಡಿ ಮೂಗು ಮುರಿದಳು.
ಮುಂದಿನ ವಾರ ಅಣ್ಣಿಗೇರಿಯಿಂದ
ಬಸ್ಸಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಒಂದು ಕ್ಯಾನು ತಂದಳು:
ಗೋಮೂತ್ರ, ಬೆಲ್ಲ, ಬೇವಿನ ಹಿಂಡಿ, ಇನ್ನೂ ಏನೇನೋ ಕೊಳೆತದ್ದು.
"ಮಣ್ಣಿಗೆ ಔಷಧ ಹಾಕಬ್ಯಾಡ್ರಿ, ಉಣ್ಣಾಕ ಹಾಕ್ರಿ."
ಮುಚ್ಚಳ ತೆಗೆದಾಗ ಎದುರು ಮನೆಯವರು ಕಿಟಕಿ ಹಾಕಿಕೊಂಡರು.

ಇಬ್ಬರೂ ನನ್ನ ಕಡೆ ನೋಡಿದರು.
ನಾನು ಸಾಲಿಯಲ್ಲಿ ರಸಾಯನ ಕಲಿಸುವಾಕೆ.
ಇಪ್ಪತ್ತೆರಡು ವರ್ಷ ಹಲಗೆಯ ಮೇಲೆ ಬರೆದಿದ್ದೇನೆ:
ಒಂದು ಇಂಗಾಲ, ಒಂದು ಆಮ್ಲಜನಕ,
ಎರಡು ಸಾರಜನಕ, ನಾಲ್ಕು ಜಲಜನಕ.
ಆಕಳಿಂದ ಬಂದರೂ ಯೂರಿಯಾ, ಕಾರ್ಖಾನೆಯಿಂದ ಬಂದರೂ ಯೂರಿಯಾ.
ಅಣುವಿಗೆ ಅಡ್ಡಹೆಸರಿಲ್ಲ.
ಹಲಗೆಗೆ ವಾಸನೆಯೂ ಇಲ್ಲ.

ತೀರ್ಪು ಕೊಡಲಿಲ್ಲ, ದಾರ ಕಟ್ಟಿದೆ.
ಕಟ್ಟೆಯಿಂದ ಗೇಟಿನ ತನಕ ನಡು ಹಿಡಿದು ಬಿಗಿದು
ಎಡಕ್ಕೆ ಅವನದು, ಬಲಕ್ಕೆ ಅವಳದು ಅಂದೆ.
ನೋಟುಬುಕ್ಕಿನಲ್ಲಿ ತಾರೀಖು ಹಾಕಿದೆ.

ಎಡಗಡೆ ಎಂಟೇ ದಿನಕ್ಕೆ ಕಡು ಹಸಿರು.
ಹುಳಿಸೊಪ್ಪು ಸುರುಳಿ ಸುತ್ತಿ ಮಲಗಿತು. ಜೇಕಿಗೆ ಏನೂ ಆಗಲಿಲ್ಲ.
ಬಲಗಡೆ ತಿಂಗಳಾದರೂ ಯೋಚನೆ ಮಾಡುತ್ತ ಕೂತಿತ್ತು.
ಜೇಕಿಗೆ ಅಲ್ಲೂ ಏನೂ ಆಗಲಿಲ್ಲ.
ಚಮಚೆಯಿಂದ ಅಗೆದು ಎರೆಹುಳ ಎಣಿಸಿದೆ:
ಬಲಕ್ಕೆ ಒಂಬತ್ತು, ಎಡಕ್ಕೆ ಎರಡು.
ಮರುವಾರ ಬಲಕ್ಕೆ ನಾಲ್ಕು, ಎಡಕ್ಕೆ ಐದು.
ಹುಳಗಳು ನನ್ನ ದಾರ ಓದಿರಲಿಲ್ಲ.

ಆಮೇಲೆ ಧಾರವಾಡದ ಜಿಟಿಜಿಟಿ. ಮೂರು ದಿನ, ಹಗಲು ರಾತ್ರಿ.
ಎಡದ ನೀರು ಬಲಕ್ಕೆ, ಬಲದ ನೀರು ಗಟಾರಕ್ಕೆ,
ಗಟಾರದ್ದು ಇಳಿಜಾರು ಹಿಡಿದು ಯಾವ ಕೆರೆಗೋ.
ದಾರ ತೊಯ್ದು ಜೋತು ಬಿತ್ತು.

ಮಳೆ ಬಿಟ್ಟ ಮುಂಜಾನೆ ಸಂಕಷ್ಟಿ.
ಸಿಂಧೂ ಮೌಶಿ ಹಿತ್ತಾಳೆ ತಟ್ಟೆ ಹಿಡಿದು ಗೇಟಿಗೆ ಬಂದರು,
ಮೊಮ್ಮಗಳು ಇರಾ ಸೆರಗು ಹಿಡಿದು ಹಿಂದೆ.
"ಒಂದೀಟು ಕರಕಿ ತಗೋತೀನ್ವಾ. ಏನರೆ ಹೊಡದೀರೇನು ಇದಕ್ಕ?"

"ಎಡಕ್ಕ ಹೊಡದೇವ್ರಿ. ಬಲಕ್ಕ ಇಲ್ಲ."
ಎರಡೂ ಖರೆ.
ಖರೆ ಮಾತು ನಾಲಿಗೆಗೆ ಯಾಕಿಷ್ಟು ಒಗರು?

ಮೌಶಿ ಬಲಗಡೆ ಕುಕ್ಕರಗಾಲಲ್ಲಿ ಕೂತು
ಇಪ್ಪತ್ತೊಂದು ಕುಡಿ ಎಣಿಸತೊಡಗಿದರು.
ಇರಾ ಅಲ್ಲೇ ಇದ್ದ ಹುಳಿ ಎಲೆ ಕಿತ್ತು
ಬಾಯಿಗೆ ಒಯ್ದಳು.

ಆ ಹೊತ್ತು ನನಗೆ ಯಾವ ಸೂತ್ರವೂ ನೆನಪಾಗಲಿಲ್ಲ.
ಬರಿಗಾಲಲ್ಲಿ ಓಡಿ ಅವಳ ದವಡೆ ಹಿಡಿದೆ,
ಬೆರಳು ಹಾಕಿ ಹಸಿರು ತೆಗೆದೆ.
ಕೂಸು ಚೀರಿತು. ಮೌಶಿ ನನ್ನ ಮುಖ ನೋಡಿದರು.
ಎಣಿಕೆ ಹದಿನಾಲ್ಕಕ್ಕೆ ನಿಂತಿತ್ತು.
"ನೀರು ಹರದೈತ್ರಿ," ಅಂದೆ. "ಈ ಕಡೆಗೂ."

ಅವರು ಸಿಟ್ಟಾಗಲಿಲ್ಲ. ಅದೇ ಕಷ್ಟ.
ಹದಿನಾಲ್ಕೂ ಕುಡಿಗಳನ್ನು ಕಂಪೌಂಡಿನ ಮೇಲಿಟ್ಟು
"ಪ್ಯಾಟ್ಯಾಗ ತರೋದಕ್ಕ ಏನು ಹೊಡದಿರತಾರೋ,
ಅಲ್ಲೆ ಹೇಳವರೂ ಇಲ್ಲ," ಅನ್ನುತ್ತ ಹೋದರು.

ಈಗ ಸಂಜೆ ಎರಡು ಮಣೆ ಹಾಕಿ ಕೂರುತ್ತೇವೆ,
ಅವನ ಕೈಯಲ್ಲಿ ಸ್ಕ್ರೂಡ್ರೈವರ್, ನನ್ನ ಕೈಯಲ್ಲಿ ಚಮಚೆ.
ಜೇಕಿನ ಗಡ್ಡೆ ಕಿತ್ತರೆ ಅದರ ಕೆಳಗೆ ಬೇರಿನ ಎಳೆ,
ಎಳೆಯ ತುದಿಗೆ ಇನ್ನೊಂದು ಗಡ್ಡೆ. ಅವನು ಬೈಯುತ್ತಾನೆ.
ಒಂದು ತಾಸಿಗೆ ಒಂದು ಮೊಳ ಸ್ವಚ್ಛ;
ಮೂಲೆಯಿಂದ ಮೂಲೆಗೆ ಹೋಗುವಷ್ಟರಲ್ಲಿ ಮೊದಲಿನದು ಮತ್ತೆ ಮೊಳೆತಿರುತ್ತದೆ.

ಸರೋಜಾಳ ಕ್ಯಾನು ತೊಳೆದು ಕೊಟ್ಟೆ, ವಾಸನೆ ಹೋಗಿಲ್ಲ.
ಬಾಟಲಿ ಅರ್ಧ ಉಳಿದಿದೆ.
ಎಲ್ಲಿ ಸುರಿಯಬೇಕೋ ಗೊತ್ತಾಗದೆ
ಹಳೆಯ ಅರಿವೆಯಲ್ಲಿ ಸುತ್ತಿ ಮಾಡದ ಮೇಲೆ ಇಟ್ಟಿದ್ದೇನೆ,
ಕೂಸಿನ ಕೈಗೆ ಸಿಗದಷ್ಟು ಎತ್ತರಕ್ಕೆ.