ಎಡಗೈ

ಗ್ದಿನ್ಯಾ ನಗರಸಭೆ, ಎರಡನೇ ಮಹಡಿ,
ಗ್ರಾಹಕರ ದೂರಿನ ಕೋಣೆ.
ಸೋರುವ ಕೆಟಲ್, ಒಂದೇ ಮಳೆಗೆ ಬಣ್ಣ ಬಿಟ್ಟ ಕೋಟು,
ಬಾಗಿಲು ಕೂರದ ಫ್ರಿಜ್ಜು:
ಇಲ್ಲಿಗೆ ಬರುವ ದುಃಖಗಳಿಗೆಲ್ಲ
ರಸೀದಿ ಇರುತ್ತದೆ.

ಅವಳು ತಂದದ್ದು ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆ.
ಒಳಗೆ ಸಾವಿರದ ನಾನೂರ ಹನ್ನೆರಡು ಹಾಳೆ.
ಕಾನೂನಿನ ಪ್ರಕಾರ ಕೇಳಿದಳಂತೆ,
ಕಂಪನಿ ಕಾನೂನಿನ ಪ್ರಕಾರ ಕಳಿಸಿತಂತೆ.
‘ಇದು ನಾನು’ ಅಂದಳು,
ಕುರ್ಚಿ ಎಳೆದುಕೊಂಡು ಕೂತಳು.

ಲುತ್ಸಿನಾ ವ್ರೊನಾ. ಅರವತ್ತೇಳು.
ಇಪ್ಪತ್ತೊಂಬತ್ತು ವರ್ಷ ಬಂದರಿನ ಕ್ರೇನಿನ ಗೂಡಿನಲ್ಲಿ ಕೂತು
ಹಡಗಿನ ಹೊಟ್ಟೆಯಿಂದ ಕಂಟೇನರ್ ಎತ್ತಿದವಳು.
‘ಒಳಗೇನಿತ್ತೋ, ಒಂದರದ್ದೂ ಗೊತ್ತಿಲ್ಲ.
ಮುದ್ರೆ ಒಡೆಯುವುದು
ಎತ್ತುವವರ ಕೆಲಸವಲ್ಲ.’

ನಿವೃತ್ತಿಯ ದಿನ ಜೊತೆಯವರು ಕೊಟ್ಟದ್ದು
ತಲೆಗೆ ಕಟ್ಟುವ ಆ ಕನ್ನಡಕ.
ಮೂರೂವರೆಗೇ ಕತ್ತಲು ಕವಿಯುವ ಡಿಸೆಂಬರಿನಲ್ಲಿ
ಕಟ್ಟಿಕೊಂಡರೆ ಅಲ್ಲಿ ಜೂನ್ ತಿಂಗಳ ಸಂಜೆ,
ಮರದ ನೆಲ, ಅಕಾರ್ಡಿಯನ್,
ಮಂಡಿ ನೋಯದ ಕುಣಿತ.
ಬಾಗಿಲಲ್ಲಿ ‘ಒಪ್ಪಿದ್ದೇನೆ’ ಅಂತ ಒತ್ತಿದ್ದಳು,
ಕೆಸರಿನ ಷೂ ಕಳಚಿಟ್ಟಷ್ಟೇ ಸಲೀಸಾಗಿ.

ಮಾರ್ಚಿನಲ್ಲಿ ನೃತ್ಯಶಾಲೆಯ ಗೋಡೆಯ ಚಿತ್ರಗಳು ಬದಲಾದವು.
ಲಾಡಿ ಕಟ್ಟಬೇಕಿಲ್ಲದ ಷೂ.
ಗುಂಡಿಯಿಲ್ಲದ ಅಂಗಿ.
ತುಳುಕದ ಲೋಟ.
ಯಾರದೋ ಅಂಚೆ ತನ್ನ ಬಾಗಿಲಿಗೆ ಬಿದ್ದಿದೆ ಎಂದುಕೊಂಡು
ನಕ್ಕು, ಕುಣಿದಳು.

ನವೆಂಬರಿನಲ್ಲಿ ಡಾಕ್ಟರು ಅವಳನ್ನು ಕಾರಿಡಾರಿನಲ್ಲಿ ನಡೆಸಿ ನೋಡಿದರು,
ಹೋಗಿ, ಬನ್ನಿ, ಇನ್ನೊಮ್ಮೆ.
ಆಮೇಲೆ ಕಾಯಿಲೆಯ ಹೆಸರು ಹೇಳಿದರು.
ಅದೇ ವಾರ ವಿಮೆಯ ಕಾಗದ,
ಕಂತು ಏರಿದೆ, ಕಾರಣ ಬರೆದಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ.
ಇಲ್ಲಿ ಕನ್ನಡಿಗೇ ಮೊದಲು ಕಂಡಿತು.
ಕಂಡದ್ದನ್ನು ಅಂಗೈಗೆ ಹೇಳಲಿಲ್ಲ,
ಷೂ ಅಂಗಡಿಗೆ ಹೇಳಿತು.

ನಾನು ಹಾಳೆ ತಿರುವಿದೆ. ಅದು ನನ್ನ ಕೆಲಸ.
ಆರುನೂರ ಹನ್ನೊಂದು:
ಎಡಗೈ ಬೀಸು ಬಲಗೈಗಿಂತ ನೂರಕ್ಕೆ ಹದಿಮೂರು ಕಮ್ಮಿ.
ಆರುನೂರ ಹನ್ನೆರಡು: ಹದಿನಾಲ್ಕು.
ಉಸಿರು, ಹೆಜ್ಜೆ, ಕತ್ತಿನ ಓಲು,
ಇಷ್ಟು ಎವೆಯಿಕ್ಕದೆ ಯಾರೂ ಯಾರನ್ನೂ ನೋಡಿರಲಾರರು,
ತೊಟ್ಟಿಲ ಬಳಿ ಕೂತ ತಾಯಿಯೂ.

‘ಅದು ಬಿಡಿ’ ಅಂದಳು. ‘ಕೈ ಸುದ್ದಿ
ಈಗ ಮೆಟ್ಟಿಲ ಮನೆಯವರಿಗೆಲ್ಲ ಗೊತ್ತು.
ಒಂಬೈನೂರ ಎರಡು ತೆಗೆಯಿರಿ.’

ತೆಗೆದೆ.
ದೃಷ್ಟಿ: ನೀಲಿ ಕೋಟು, ಬಳಕೆದಾರ ಜೆನೋನ್, ಷ್ಟೆತ್ಸಿನ್.
ಅವಧಿ: ೩.೪ ಸೆಕೆಂಡು.
ಪಾಪೆ ಹಿಗ್ಗಿದೆ.

ಕೆಳಗೆ ಅಂಥವೇ ಮೂವತ್ತೊಂದು ಸಾಲು,
ತಾರೀಕು ಸಮೇತ. ಪ್ರತಿ ಸಾಲಿನ ಕೊನೆಗೂ
ಹಿಗ್ಗಿದೆ, ಹಿಗ್ಗಿದೆ.

‘ಅವನಿಗೆ ನಾನು ಹೇಳಿಲ್ಲ.
ನನಗೇ ಹೇಳಿಕೊಂಡಿರಲಿಲ್ಲ’ ಅಂದಳು.
‘ಈ ಹಾಳೆ ಓದಿ ಗೊತ್ತಾಯಿತು. ಹೀಗೆ ಗೊತ್ತಾಗಬಾರದಿತ್ತು.
ಉಳಿದದ್ದು ಅವರೇ ಇಟ್ಟುಕೊಳ್ಳಲಿ,
ಇದೊಂದು ವಾಪಸ್ ಬೇಕು.’

ನಮ್ಮ ಅರ್ಜಿಯಲ್ಲಿ ಏಳನೇ ಕಲಮು:
ಆದ ನಷ್ಟ, ಜ್ಲೋಟಿಗಳಲ್ಲಿ.
ಪೆನ್ನು ಅಲ್ಲೇ ನಿಂತಿತು. ಹೊರಗೆ
ಟ್ರಾಲಿಬಸ್ಸು ತಂತಿಗೆ ಕಿಡಿ ಹಾರಿಸುತ್ತ ತಿರುಗಿತು.
ಅವಳ ಎಡಗೈ ಮಡಿಲಲ್ಲಿ ಸಣ್ಣಗೆ
ಕಾಣದ ಮಣಿಯೊಂದನ್ನು ಉರುಳಿಸುತ್ತಿತ್ತು.
ನಾನು ನೋಡಿದ್ದು ಕಂಡು ಅದನ್ನು ಚೀಲದಡಿ ಸರಿಸಿದಳು.
ನಾನು ಕಣ್ಣು ಕಿತ್ತು
ಕ್ಯಾಲೆಂಡರಿನ ಮೇಲಿಟ್ಟೆ.

ಅವಳು ಹೋದ ಮೇಲೆ ನಕಲು ತೆಗೆಯಬೇಕಿತ್ತು.
ಪ್ರತಿ ಹಾಳೆಯೂ ಕಡತಕ್ಕೆ, ನಿಯಮವಿದೆ.
ಐದೂವರೆ ಆಗಿತ್ತು, ಹೀಟರು ಆರಿತ್ತು.
ಒಂಬೈನೂರ ಎರಡನೆಯದನ್ನು
ಗಾಜಿನ ಮೇಲೆ ಮಗುಚಿ ಇಟ್ಟೆ.
ಬೆಳಕು ಹಾದು ಹೋಯಿತು.
ಬಿಳಿ ಹಾಳೆ ಬಂತು.
ಸಂಖ್ಯೆ ಹಾಕಿದೆ, ಮೊಹರು ಒತ್ತಿದೆ.